ಆಟ ಗಟ್ಟಿ, ಅಂಗಡಿ ಜೋರು

ಗೆನ್‌ಶಿನ್ ಇಂಪ್ಯಾಕ್ಟ್ ಬಗ್ಗೆ ಮಾತು ತೆಗೆದರೆ ಕೇಳುವವರು ಎರಡು ಪಾಳಯವಾಗುತ್ತಾರೆ. ಆಡುವವರಿಗೆ ಅದು ಫೋನಿನಲ್ಲಿ ಪುಕ್ಕಟೆ ಸಿಗುವ ಅತ್ಯಂತ ಚೆಂದದ ಲೋಕ. ಆಡದವರಿಗೆ, ಮುಖ್ಯವಾಗಿ ಮಕ್ಕಳ ಕೈಗೆ ಫೋನು ಕೊಟ್ಟು ಆಮೇಲೆ ಬ್ಯಾಂಕಿನ ಮೆಸೇಜು ನೋಡಿ ಗಾಬರಿಯಾದ ಪಾಲಕರಿಗೆ, ಅದು ಅನಿಮೆ ಬಣ್ಣ ಬಳಿದ ಲಾಟರಿ. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಆಟ ಒಳ್ಳೆಯದು, ಲಾಟರಿ ಕೆಟ್ಟದ್ದು ಎಂದು ಎರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿ ಕೈತೊಳೆದುಕೊಂಡರೆ ಮುಖ್ಯ ಸಂಗತಿಯೇ ತಪ್ಪಿಹೋಗುತ್ತದೆ. ಅಂಗಡಿ ಇಟ್ಟುಕೊಂಡ ಆಟಗಳು ಬೇಕಾದಷ್ಟಿವೆ. ಗೆನ್‌ಶಿನ್‌ನಲ್ಲಿ ಅಂಗಡಿ ಆಟದ ಒಳಗೇ ನುಗ್ಗಿದೆ. ಆಟಗಾರನಿಗೆ ತಾನು ಕಲಿಸಿದ ವಿದ್ಯೆಯನ್ನು ನೇರವಾಗಿ ಪರೀಕ್ಷಿಸುವ ಸ್ವಾತಂತ್ರ್ಯವನ್ನೇ ಈ ಆಟ ಕಳೆದುಕೊಂಡಿದೆ. ನನ್ನ ತಕರಾರು ಅದರ ಬಗ್ಗೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ಶಾಂಘೈನ ಜಿಯಾವೊ ಟಾಂಗ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಕಟ್ಟಿದ ಮಿಹೊಯೊ ಕಂಪನಿ 2020ರ ಸೆಪ್ಟೆಂಬರ್ 28ರಂದು ಈ ಆಟವನ್ನು ಕಂಪ್ಯೂಟರು, ಪ್ಲೇಸ್ಟೇಷನ್ ಮತ್ತು ಮೊಬೈಲಿಗೆ ಒಟ್ಟಿಗೇ ಬಿಟ್ಟಿತು. ಕಳೆದುಹೋದ ಒಡಹುಟ್ಟನ್ನು ಹುಡುಕುತ್ತ ಟೇವಾಟ್ ಎಂಬ ಲೋಕದ ದೇಶಗಳನ್ನು ಸುತ್ತುವ ಪ್ರಯಾಣಿಕನ ಕಥೆ ಇದು. ಆರು ವಾರಕ್ಕೊಮ್ಮೆ ಹೊಸ ಆವೃತ್ತಿ, ಹೆಚ್ಚುಕಡಿಮೆ ವರ್ಷಕ್ಕೊಂದು ಹೊಸ ದೇಶ. ನಿಂಟೆಂಡೊದ ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಆಟದ ನಕಲು ಇದು ಎಂಬ ಆಪಾದನೆ ಬಿಡುಗಡೆಗೂ ಮೊದಲೇ ಹುಟ್ಟಿತ್ತು, 2019ರಲ್ಲಿ ಶಾಂಘೈನ ಚೈನಾಜಾಯ್ ಮೇಳದಲ್ಲಿ ಒಬ್ಬ ಅಭಿಮಾನಿ ಸಿಟ್ಟಿನಿಂದ ತನ್ನ ಪ್ಲೇಸ್ಟೇಷನ್ ಅನ್ನು ನೆಲಕ್ಕೆ ಅಪ್ಪಳಿಸಿ ಒಡೆದಿದ್ದ. ಗುಡ್ಡ ಹತ್ತುವುದು, ರೆಕ್ಕೆ ಬಿಚ್ಚಿ ತೇಲುವುದು, ದಣಿವಿನ ಲೆಕ್ಕ, ಹುಲ್ಲುಗಾವಲಿನ ಬಣ್ಣ ಇವೆಲ್ಲ ಜೆಲ್ಡಾದ ಋಣ, ನಿಜ. ಆದರೆ ಕಾಳಗ ಜೆಲ್ಡಾದ್ದಲ್ಲ. ಅಲ್ಲಿ ಆಯುಧ ಹಿಡಿದ ಒಬ್ಬನೇ ಹೋರಾಡಿದರೆ ಇಲ್ಲಿ ನಾಲ್ವರ ತಂಡ ಕ್ಷಣಕ್ಷಣಕ್ಕೂ ಸರದಿ ಬದಲಿಸುತ್ತದೆ. ನಕಲು ಎನ್ನುವವರು ಗುಡ್ಡ ಹತ್ತಿದ್ದಾರೆ, ಕಾಳಗವನ್ನು ಗಮನಿಸಿ ನೋಡಿಲ್ಲ.

ಆ ಕಾಳಗವನ್ನೇ ಹತ್ತಿರದಿಂದ ನೋಡೋಣ. ಬೆಂಕಿ, ನೀರು, ಹಿಮ, ಮಿಂಚು, ಗಾಳಿ, ಕಲ್ಲು, ಹಸಿರು ಎಂದು ಏಳು ಶಕ್ತಿಗಳಿವೆ. ಒಂದರ ಮೇಲೆ ಇನ್ನೊಂದು ಬಿದ್ದಾಗ ಆಗುವ ಪರಿಣಾಮವೇ ಆಟದ ಜೀವ. ನೆನೆದ ಶತ್ರುವಿಗೆ ಬೆಂಕಿ ತಗುಲಿದರೆ ಪೆಟ್ಟು ಒಂದೂವರೆ ಪಟ್ಟು. ಉರಿಯುವ ಶತ್ರುವಿಗೆ ನೀರು ತಗುಲಿದರೆ ಎರಡು ಪಟ್ಟು. ನೀರಿಗೆ ಹಿಮ ಸೇರಿದರೆ ಶತ್ರು ನಿಂತಲ್ಲೇ ಗಟ್ಟಿ. ಇದು ಕಾಗದದ ಮೇಲೆ ಸಣ್ಣ ಮಗ್ಗಿಯಷ್ಟೇ ಸರಳ. ಆದರೆ ಶಿಂಗ್‌ಚಿಯು, ಬೆನೆಟ್, ಶಿಯಾಂಗ್‌ಲಿಂಗ್ ಎಂಬ ಮೂವರನ್ನು ತಂಡಕ್ಕೆ ಹಾಕಿ ನೋಡಿ. ಮೂವರೂ ನಾಲ್ಕು ನಕ್ಷತ್ರದ, ಅಂದರೆ ಅಗ್ಗದ ಪಾತ್ರಗಳು. ಶಿಂಗ್‌ಚಿಯು ನೀರಿನ ಕತ್ತಿಗಳ ಮಳೆಯನ್ನು ಮೊದಲು ತೊಡಗಿಸಬೇಕು. ಆಮೇಲೆ ಬೆನೆಟ್ ನೆಲದ ಮೇಲೆ ಒಂದು ವೃತ್ತ ಹಾಕುತ್ತಾನೆ. ಅದರೊಳಗೆ ನಿಂತವರ ಬಲ ಏರುತ್ತದೆ. ಆ ವೃತ್ತದೊಳಗೆ ನಿಂತೇ ಶಿಯಾಂಗ್‌ಲಿಂಗ್ ತನ್ನ ಬೆಂಕಿಯ ಚಕ್ರ ಬಿಡಬೇಕು. ಏಕೆಂದರೆ ಆ ಚಕ್ರ ಹುಟ್ಟಿದ ಗಳಿಗೆಯ ಬಲವನ್ನೇ ಕೊನೆತನಕ ಹೊತ್ತುಕೊಂಡು ತಿರುಗುತ್ತದೆ, ವೃತ್ತ ಬಿಟ್ಟು ಹೊರಗೆ ಬಂದರೂ ಬಲ ಇಳಿಯುವುದಿಲ್ಲ. ಚಕ್ರಕ್ಕೆ ಬೇಕಾದ ಶಕ್ತಿ ತುಂಬಿಕೊಡುವವನೂ ಬೆನೆಟ್ಟೇ. ಈ ಸರದಿ ಒಂದು ಹೆಜ್ಜೆ ಆಚೀಚೆಯಾದರೆ ಅದೇ ಮೂವರು ಅರ್ಧ ಬಲಕ್ಕೆ ಇಳಿಯುತ್ತಾರೆ. ಇದನ್ನು ಆಟ ಎಲ್ಲಿಯೂ ಪಾಠ ಮಾಡಿ ಹೇಳುವುದಿಲ್ಲ. ಆಡುತ್ತ ಆಡುತ್ತ, ತಪ್ಪುತ್ತ ತಪ್ಪುತ್ತ ಕೈಗೆ ಹತ್ತಬೇಕು. ತಾಳ ಕೂತ ಮೇಲೆ ತಬಲದವನ ಬೆರಳು ಎಣಿಸುವುದನ್ನು ಬಿಡುವ ಹಾಗೆ, ಕೆಲವು ತಿಂಗಳಲ್ಲಿ ಆಟಗಾರನ ಹೆಬ್ಬೆರಳು ಲೆಕ್ಕ ಮರೆಯುತ್ತದೆ.

2022ರ ಆಗಸ್ಟ್‌ನಲ್ಲಿ ಏಳನೆಯ ಶಕ್ತಿ, ಹಸಿರು, ಆಟಗಾರರ ಕೈಗೆ ಬಂದಾಗ ಈ ವಿದ್ಯೆ ಇನ್ನಷ್ಟು ಬೆಳೆಯಿತು. ಹಸಿರು ಮತ್ತು ನೀರು ಸೇರಿದಾಗ ನೆಲದ ಮೇಲೆ ಒಂದು ಬೀಜ ಬೀಳುತ್ತದೆ. ಅದಕ್ಕೆ ಮಿಂಚು ತಗುಲಿದರೆ ಬಾಣವಾಗಿ ಹಾರಿ ಶತ್ರುವನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಈ ಬಾಣದ ಪೆಟ್ಟು ಮಿಂಚು ಹಾಯಿಸಿದವರ ಲೆವೆಲ್ ಮತ್ತು ಶಕ್ತಿ-ಪ್ರಭುತ್ವ ಎಂಬ ಅಂಕವನ್ನು ಮಾತ್ರ ನೋಡುತ್ತದೆ, ದುಬಾರಿ ಆಯುಧವನ್ನು ನೋಡುವುದಿಲ್ಲ. ಹಸಿರು ಶಕ್ತಿಯ ಪ್ರಯಾಣಿಕ, ಬಾರ್ಬರಾ, ಲೀಸಾ, ಮೂವರೂ ಪುಕ್ಕಟೆ ಸಿಗುವವರು; ಈ ಮೂವರಿಂದಲೇ ಅಂಥ ತಂಡ ಕಟ್ಟಬಹುದು. ಜೇಬು ನೋಡದೆ ಜಾಣ್ಮೆ ನೋಡುವ ಇಂಥ ವ್ಯವಸ್ಥೆಯನ್ನು ರೂಪಿಸಿದವರು ಆಟದ ಮರ್ಮ ಬಲ್ಲವರು. ಅದಕ್ಕೇ ಮುಂದೆ ಹೇಳುವ ದೋಷ ನನಗೆ ಹೆಚ್ಚು ನೋವಿನದು.

ಸಂಗೀತದ ಮಾತು ಬಿಟ್ಟರೆ ಧಾರವಾಡದ ಅಂಕಣ ಪೂರ್ತಿಯಾಗುವುದಿಲ್ಲ. ಯು-ಪೆಂಗ್ ಚೆನ್ ಸಂಯೋಜಿಸಿದ ಮೊದಲ ದೇಶಗಳ ಸಂಗೀತವನ್ನು ಲಂಡನ್ ಫಿಲ್‌ಹಾರ್ಮೋನಿಕ್, ಶಾಂಘೈ ಸಿಂಫನಿ, ಟೋಕಿಯೊ ಫಿಲ್‌ಹಾರ್ಮೋನಿಕ್ ವಾದ್ಯವೃಂದಗಳು ನುಡಿಸಿವೆ. ಲೀಯುವೆ ಎಂಬ ಚೀನೀ ಮಾದರಿಯ ದೇಶದಲ್ಲಿ ಎರ್ಹು ಮತ್ತು ಬಿದಿರ ಕೊಳಲು ಪಾಶ್ಚಾತ್ಯ ವೃಂದದ ನಡುವೆ ಹೊಸಬರಂತೆ ಮುದುಡಿ ಕೂಡುವುದಿಲ್ಲ, ರಾಗದ ಹೊಣೆಯನ್ನೇ ಹೊರುತ್ತವೆ. 2022ರ ಜನವರಿಯಲ್ಲಿ ಬಂದ ಯುನ್ ಜಿನ್ ಎಂಬ ಪಾತ್ರ ಪೆಕಿಂಗ್ ಒಪೆರಾದ ಕಲಾವಿದೆ. ಆಟದೊಳಗೆ ಅವಳ ಪದಕ್ಕೆ ದನಿ ಕೊಟ್ಟವರು ಆ ಕಲೆಯನ್ನೇ ಕಲಿತ ಯಾಂಗ್ ಯಾಂಗ್. ನೀವು ಜಪಾನಿ ದನಿಯಲ್ಲಿ ಆಡಿದರೂ ಇಂಗ್ಲಿಷ್ ದನಿಯಲ್ಲಿ ಆಡಿದರೂ ಆ ಪದ ಚೀನೀ ಭಾಷೆಯಲ್ಲೇ ಕೇಳಿಸುತ್ತದೆ. ತಮ್ಮ ರಂಗಕಲೆಯನ್ನು ಜಗತ್ತಿನ ರುಚಿಗೆ ತಕ್ಕಂತೆ ತೆಳ್ಳಗೆ ಮಾಡದೆ ಹಾಗೇ ಮುಂದಿಟ್ಟ ಆ ಧೈರ್ಯ ದೊಡ್ಡದು. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತದ ನೆಲದಲ್ಲಿ ಕೂತು ಇದನ್ನು ನೋಡುವಾಗ ಹೊಟ್ಟೆಕಿಚ್ಚು ಆಗದೆ ಇರದು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು ಕರ್ನಾಟಕ ಸರ್ಕಾರ 2024–29ರ ನೀತಿಯನ್ನೇ ಮಾಡಿದೆ. ಅದರ ನೆರವು ಪಡೆಯುವವರು ಯುನ್ ಜಿನ್‌ಳ ಆ ಪ್ರಸಂಗವನ್ನು ಒಮ್ಮೆ ನೋಡಲಿ.

ಅದೇ ಅಳತೆಗೋಲಿನಿಂದ ಸುಮೇರು ದೇಶವನ್ನು ಅಳೆದರೆ ಆಟ ಸೋಲುತ್ತದೆ. ಹೆಸರುಗಳೆಲ್ಲ ನಮಗೆ ಪರಿಚಿತ: ಅವಿದ್ಯಾ ಅರಣ್ಯ, ಸುರಸ್ಥಾನ, ದೇವಾಂತಕ ಪರ್ವತ, ‘ಆರಣ್ಯಕ’ ಎಂಬ ದೀರ್ಘ ಕಥೆ. ಕಾಡಿನ ಪುಟ್ಟ ಜೀವಿಗಳ ಸಂಗಡ ನಡೆಯುವ ಆ ‘ಆರಣ್ಯಕ’, ನೆನಪು ಮತ್ತು ಮರೆವಿನ ಬಗ್ಗೆ ಈ ಆಟ ಹೇಳಿದ ಅತ್ಯುತ್ತಮ ಕಥೆ ಎಂದು ನನ್ನ ತೀರ್ಪು. ಆದರೆ ದೇಶವಾಗಿ ಸುಮೇರು ಭಾರತ, ಪರ್ಷಿಯಾ, ಅರಬ್, ಈಜಿಪ್ಟ್‌ಗಳನ್ನು ಒಂದೇ ಪಾತ್ರೆಯಲ್ಲಿ ಕಲಸಿಟ್ಟಿದೆ. ಲೀಯುವೆಗೆ ಸಿಕ್ಕ ಒಳನೋಟ ಇಲ್ಲಿಲ್ಲ. ಸಿತಾರ, ಬಾನ್ಸುರಿ ಕೇಳಿಸುತ್ತವೆ, ಬಣ್ಣವಾಗಿ ಮಾತ್ರ ಕೇಳಿಸುತ್ತವೆ. ಗಾಯಕ ಮನ್ಸೂರರ, ಗಾಯಕಿ ಗಂಗೂಬಾಯಿಯವರ ಊರಿನ ಕಿವಿಗೆ ಸ್ವರ ಬೆಳೆಯುವ ಮೊದಲೇ ಮುಂದಿನ ವಾದ್ಯ ನುಗ್ಗಿದಂತೆ ಅನಿಸುತ್ತದೆ. ಪಾತ್ರಗಳ ಮೈಬಣ್ಣದ ಬಗ್ಗೆ 2022ರಲ್ಲೇ ಟೀಕೆ ಬಂತು. ಮರುಭೂಮಿ ಮತ್ತು ಮಳೆಕಾಡಿನ ದೇಶದಲ್ಲೂ ಬಹುತೇಕರು ಹಾಲುಬಿಳುಪು. ಎರಡು ವರ್ಷದ ಮೇಲೆ ನಾಟ್ಲಾನ್ ದೇಶ ಬಂದಾಗಲೂ ಅದೇ ಟೀಕೆ, ಇನ್ನೂ ಜೋರಾಗಿ. ಕಾಲ್ಪನಿಕ ಲೋಕಕ್ಕೆ ನಿಜಲೋಕದ ಲೆಕ್ಕ ಏಕೆ ಎಂದು ವಾದಿಸುವವರಿದ್ದಾರೆ. ಹೆಸರು, ವಾದ್ಯ, ಉಡುಪು ಎಲ್ಲವನ್ನೂ ನಿಜವಾದ ಜನರಿಂದ ಪಡೆದ ಮೇಲೆ ಮೈಬಣ್ಣವೊಂದನ್ನೇ ಕಲ್ಪನೆ ಎನ್ನಲು ಬರುವುದಿಲ್ಲ.

ಈಗ ಮುಖ್ಯ ದೋಷಕ್ಕೆ ಬರೋಣ. ಇಷ್ಟು ಸೂಕ್ಷ್ಮವಾದ ಕಾಳಗ ಕಲಿತವನಿಗೆ ಬಯಲಿನ ಶತ್ರುಗಳು ಎದುರಾಳಿಗಳೇ ಅಲ್ಲ. ಸರದಿ ತಪ್ಪಿದರೂ ಬೀಳುತ್ತಾರೆ, ಕಣ್ಣುಮುಚ್ಚಿ ಹೊಡೆದರೂ ಬೀಳುತ್ತಾರೆ. ನಿಜವಾದ ಪರೀಕ್ಷೆಯನ್ನು ಸ್ಪೈರಲ್ ಅಬಿಸ್ ಎಂಬ ಒಂದು ಗೋಪುರದಲ್ಲಿ ಕೂಡಿಹಾಕಲಾಗಿತ್ತು, ಆಮೇಲೆ 2024ರಲ್ಲಿ ‘ಥಿಯೇಟರ್’ ಎಂಬ ಇನ್ನೊಂದು ಪರೀಕ್ಷೆ ಸೇರಿತು. ಆ ಗೋಪುರದಲ್ಲಾದರೂ ನೇರ ಪರೀಕ್ಷೆ ಇದೆಯೇ ಎಂದರೆ, ಅಲ್ಲಿ ಸಿಗುವ ವರಗಳು ಮತ್ತು ಎದುರಾಗುವ ಶತ್ರುಗಳು ಆ ಹೊತ್ತಿನಲ್ಲಿ ಮಾರಾಟಕ್ಕಿರುವ ಪಾತ್ರಕ್ಕೆ ಒಗ್ಗುವಂತೆ ಬದಲಾಗುತ್ತಿರುತ್ತವೆ. ವರ್ಷ ಕಳೆದಂತೆ ಶತ್ರುಗಳ ಜೀವಬಲ ಉಬ್ಬಿದೆ, ಬಹುಪಾಲು ಹಳೆಯ ಪಾತ್ರಗಳ ಪೆಟ್ಟು ಇದ್ದಲ್ಲೇ ಇದೆ. ಪ್ರಶ್ನೆಪತ್ರಿಕೆ ತೆಗೆಯುವವರೇ ಗೈಡು ಮಾರಿದರೆ ಆಗುವ ಅನ್ಯಾಯ ಇದು. ಬಯಲನ್ನು ಸುಲಭ ಮಾಡಿದ್ದೂ ಇದೇ ಕಾರಣಕ್ಕೆ ಎಂಬುದು ನನ್ನ ವಾದ. ಹಣ ಕೊಟ್ಟು ತಂದ ಪಾತ್ರ ಮೊದಲ ದಿನವೇ ಮಿಂಚಬೇಕು. ಅದಕ್ಕೆ ಸುಲಭವಾಗಿ ಬೀಳುವ ಶತ್ರುಗಳು ಬೇಕು.

ಇದರ ಮೇಲೆ ‘ರೆಸಿನ್’ ಎಂಬ ಪಡಿತರ. ಎಂಟು ನಿಮಿಷಕ್ಕೆ ಒಂದರಂತೆ ತುಂಬುತ್ತದೆ. ಮೊದಲು 120ಕ್ಕೆ ನಿಲ್ಲುತ್ತಿತ್ತು, ಆಮೇಲೆ 160, 2024ರಲ್ಲಿ 200. ಒಂದು ಗವಿಯ ಬಹುಮಾನ ಪಡೆಯಲು 20 ಖರ್ಚು. ಅಂದರೆ ಹುಬ್ಬಳ್ಳಿಯ ಹೊಸೂರಿನಲ್ಲಿ ಚಿಗರಿ ಬಸ್ಸು ಹತ್ತಿದ ಹುಡುಗಿ ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಇಳಿಯುವಷ್ಟರಲ್ಲಿ ಆ ದಿನದ ಪಡಿತರವೆಲ್ಲ ತೀರುತ್ತದೆ. ಇದನ್ನು ಒಳ್ಳೆಯದೆಂದೇ ಹೇಳುವವರುಂಟು: ಓದುವ ಹುಡುಗರನ್ನು ಆಟ ತಾನೇ ಎಬ್ಬಿಸಿ ಕಳಿಸುತ್ತದಲ್ಲ ಎನ್ನುತ್ತಾರೆ. ಒಪ್ಪುತ್ತಿದ್ದೆ, ಸಿಗುವ ಬಹುಮಾನ ನಿಶ್ಚಿತವಾಗಿದ್ದರೆ. ಆದರೆ ‘ಆರ್ಟಿಫ್ಯಾಕ್ಟ್’ ಎಂಬ ಒಡವೆ ಯಾವುದು ಬೀಳುತ್ತದೆ, ಅದರ ಮುಖ್ಯ ಗುಣ ಯಾವುದು, ಉಪಗುಣಗಳು ಯಾವುವು, ಅವುಗಳಲ್ಲಿ ಯಾವುದು ಬೆಳೆಯುತ್ತದೆ, ಎಲ್ಲವೂ ಅದೃಷ್ಟದ ಮೇಲೆ ಅದೃಷ್ಟ. ತಿಂಗಳುಗಟ್ಟಲೆ ಒಂದೇ ಗವಿ ಹೊಕ್ಕು ಬರಿಗೈಯಲ್ಲಿ ಬರುವುದು ಇಲ್ಲಿ ಸಾಮಾನ್ಯ. ಇದು ಆಟಗಾರನನ್ನು ಬಿಡುವುದಿಲ್ಲ, ದಿನವೂ ಹಾಜರಿ ಹಾಕಿಸುತ್ತದೆ.

ಪಾತ್ರಗಳನ್ನು ಚೀಟಿಯೆತ್ತಿದಂತೆ ಅದೃಷ್ಟದಿಂದ ಪಡೆಯುವ ‘ಗಾಚಾ’ದ ಲೆಕ್ಕ ಎಲ್ಲರಿಗೂ ಗೊತ್ತಿರಬೇಕಾದದ್ದು. ಒಂದು ಪುಲ್‌ಗೆ, ಅಂದರೆ ಒಮ್ಮೆ ಚೀಟಿ ಎತ್ತಲು, 160 ಪ್ರೈಮೊಜೆಮ್ ಎಂಬ ಆಟದ ನಾಣ್ಯ ಬೇಕು. ಐದು ನಕ್ಷತ್ರದ ಪಾತ್ರ ಸಿಗುವ ಮೂಲ ಸಾಧ್ಯತೆ ಶೇ. 0.6. ತೊಂಬತ್ತನೆಯ ಪುಲ್‌ಗೆ ಒಂದು ಖಂಡಿತ, ಆದರೆ ಅದು ನೀವು ಬಯಸಿದ್ದೇ ಆಗಿರುವ ಸಾಧ್ಯತೆ ಮೊದಲು ಶೇ. 50, 2024ರ ಆಗಸ್ಟ್‌ನಿಂದ 55. ಅದೃಷ್ಟ ಪೂರ್ತಿ ಕೈಕೊಟ್ಟರೆ 180 ಪುಲ್, 28,800 ಪ್ರೈಮೊಜೆಮ್. ಅಮೆರಿಕದಲ್ಲಿ 99.99 ಡಾಲರಿಗೆ ಮಾರುವ ಅತಿ ದೊಡ್ಡ ಪ್ಯಾಕು ಬೋನಸ್ ಸೇರಿ 8,080 ಕೊಡುತ್ತದೆ. ಮೂರು ಸಾಲದು, ನಾಲ್ಕನೆಯದು ಬೇಕು. ಹಣ ಹರಳಾಗಿ, ಹರಳು ಪ್ರೈಮೊಜೆಮ್ ಆಗಿ, ಅದು ಮತ್ತೆ ‘ಫೇಟ್’ ಎಂಬ ಚೀಟಿಯಾಗಿ ಬದಲಾಗುವಷ್ಟರಲ್ಲಿ ಎಷ್ಟು ಖರ್ಚಾಯಿತೆಂಬ ಅರಿವು ಮಸುಕಾಗುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತೆಗೆದ ತಕರಾರುಗಳಲ್ಲಿ ಇದೂ ಒಂದು. 2025ರ ಜನವರಿಯಲ್ಲಿ ಕಂಪನಿ 2 ಕೋಟಿ ಡಾಲರ್ ತೆತ್ತು ರಾಜಿಯಾಯಿತು, ಹಲವು ಆರೋಪ ಸರಿಯಲ್ಲ ಎನ್ನುತ್ತಲೇ. ಪಾಲಕರ ಒಪ್ಪಿಗೆಯಿಲ್ಲದೆ 16ರ ಒಳಗಿನವರಿಗೆ ಅಲ್ಲಿ ಈಗ ಈ ಅದೃಷ್ಟದ ಚೀಟಿಗಳನ್ನು ಮಾರುವಂತಿಲ್ಲ. ನಮ್ಮಲ್ಲಿ ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಜೂಜಿನ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಅಸಿಂಧುಗೊಳಿಸಿತು. 2025ರ ಕೇಂದ್ರ ಕಾಯ್ದೆ ಗುರಿಯಿಟ್ಟದ್ದು ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆಟಗಳ ಮೇಲೆ. ಗೆನ್‌ಶಿನ್‌ನಲ್ಲಿ ಗೆದ್ದದ್ದನ್ನು ಹಣವಾಗಿ ಮರಳಿ ಪಡೆಯುವಂತಿಲ್ಲ. ಹಾಗಾಗಿ ಇಲ್ಲಿ ಕಾವಲು ಮನೆಯವರದ್ದೇ.

ಹಣ ಕೊಡುವವರಿಲ್ಲದಿದ್ದರೆ ಇಷ್ಟು ದೊಡ್ಡ ಲೋಕವನ್ನು ಪುಕ್ಕಟೆ ಕಟ್ಟಲು ಹೇಗೆ ಸಾಧ್ಯ ಎಂಬುದು ಗಟ್ಟಿಯಾದ ಆಕ್ಷೇಪ. ಹುಬ್ಬಳ್ಳಿಯ ಹಾಸ್ಟೆಲ್ ಹುಡುಗ ಒಂದು ಪೈಸೆ ಕೊಡದೆ ಇಡೀ ಕಥೆ ಮುಗಿಸಬಲ್ಲ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಉಡುಪುಗಳನ್ನಷ್ಟೇ ಮಾರಬಹುದಿತ್ತು, ದೇಶವೊಂದಕ್ಕೆ ನಿಗದಿ ಬೆಲೆ ಇಡಬಹುದಿತ್ತು. ದಾರಿಗಳಿದ್ದವು, ಅತಿ ಹೆಚ್ಚು ಲಾಭದ ದಾರಿಯನ್ನು ಆರಿಸಲಾಯಿತು, ಅದರ ಬೆಲೆಯನ್ನು ಆಟದ ವಿನ್ಯಾಸ ತೆರುತ್ತಿದೆ. ಇನ್ನೊಂದು ನಷ್ಟವೂ ಇದರಿಂದಲೇ. ಆರು ವಾರದ ಚಕ್ರ ಜನರನ್ನು ಹಿಡಿದಿಡಬೇಕಾದ್ದರಿಂದ ಒಳ್ಳೆಯ ಸಂಗತಿಗಳೂ ಅಳಿಸಿಹೋಗುತ್ತವೆ. 2021ರ ಬೇಸಿಗೆಯಲ್ಲಿ ಗೋಲ್ಡನ್ ಆ್ಯಪಲ್ ಎಂಬ ಇಡೀ ದ್ವೀಪಸಮೂಹ ಬಂದು ಆ ಆವೃತ್ತಿ ಮುಗಿದೊಡನೆ ಮಾಯವಾಯಿತು. ಮರುವರ್ಷ ಬಂದಾಗ ಬೇರೆ ರೂಪ, ಬೇರೆ ಕಥೆ, ಅದೂ ಹೋಯಿತು. ಪುಸ್ತಕವನ್ನು ಮತ್ತೆ ತೆರೆಯಬಹುದು, ಸಿನಿಮಾವನ್ನು ಮತ್ತೆ ನೋಡಬಹುದು, ಇದನ್ನು ಮತ್ತೆ ಆಡುವಂತಿಲ್ಲ.

ಹತ್ತಾರು ಭಾಷೆಗಳಲ್ಲಿ ಬರುವ ಈ ಆಟ ಭಾರತದ ಯಾವ ಭಾಷೆಯಲ್ಲೂ ಇಲ್ಲ, ಆದ್ದರಿಂದ ಇಂಗ್ಲಿಷ್ ಓದುವ ವೇಗ ಬೇಕು. ಪ್ರಯಾಣಿಕನ ಜೊತೆಗಾತಿ ಪೈಮೊನ್‌ಳ ಮಾತು ಹಾರಿಸಲು ಗುಂಡಿ ಕೊಡಿ ಎಂದು ಆಟಗಾರರು ವರ್ಷಗಟ್ಟಲೆ ಕೇಳಿದ್ದಾರೆ, ಆ ತಾಳ್ಮೆಯೂ ಬೇಕು. ಇಷ್ಟೆಲ್ಲ ಹೇಳಿಯೂ, ಆಡಬಹುದೇ ಎಂದು ಕೇಳಿದರೆ ಆಡಿ ಎಂದೇ ಹೇಳುತ್ತೇನೆ. ಮೊದಲು ಫೋನಿನಲ್ಲಿ ಪಾವತಿಗೆ ಪಾಸ್‌ವರ್ಡ್ ಹಾಕಿ, ಆಟದ ಖಾತೆಗೆ ಕಾರ್ಡು ಜೋಡಿಸಬೇಡಿ. ನಾಲ್ಕು ನಕ್ಷತ್ರದ ತಂಡವೊಂದನ್ನೇ ಹಿಡಿದು ಸರದಿ ಕಲಿಯಿರಿ, ಲೀಯುವೆಯ ಗುಡ್ಡಗಳನ್ನು ನಿಧಾನವಾಗಿ ಹತ್ತಿ, ‘ಆರಣ್ಯಕ’ ಮುಗಿಸಿ. ಮಾರಾಟದ ಬ್ಯಾನರ್ ಬದಲಾಯಿತೆಂದು ತಂಡ ಬದಲಿಸಬೇಡಿ.