ಶೂನ್ಯ ಬಿಲ್ಲು ಮತ್ತು ಮಿತವ್ಯಯದ ಮನಸ್ಸು: ಉತ್ತರ ಬೆಂಗಳೂರಿನ ಗೃಹಬಳಕೆಯ ವಿದ್ಯುತ್ತು

ಮನೆಗಳ ಇಂಗಾಲದ ಹೊರೆಯನ್ನು ತಗ್ಗಿಸುವ ಚರ್ಚೆಗಳಲ್ಲಿ ‘ಜನಜಾಗೃತಿಯ ಅಭಾವ’ ಎಂಬ ಮಾತು ಪದೇಪದೇ ಕೇಳಿಬರುತ್ತದೆ. ಬೆಂಗಳೂರಿನ ಮಟ್ಟಿಗೆ ಇದನ್ನು ಒಪ್ಪುವುದು ಕಷ್ಟ. ಸೋಲಾರ್ ವಾಟರ್ ಹೀಟರುಗಳ ಬಳಕೆಯಲ್ಲಿ ದೇಶದ ಇತರ ನಗರಗಳಿಗೆ ಮೇಲ್ಪಂಕ್ತಿಯಾದ ಊರಿದು. ಯಲಹಂಕದ ತಾರಸಿಗಳನ್ನು ನೋಡಿದರೂ ಸಾಕು. ಪರಿಶೀಲಿಸಬೇಕಾದುದು ಬಿಲ್ಲು ಕಲಿಸುವ ಲೆಕ್ಕಾಚಾರವನ್ನು.

2023ರಲ್ಲಿ ಜಾರಿಗೆ ಬಂದ ಗೃಹ ಜ್ಯೋತಿ ಯೋಜನೆಯು 200 ಯೂನಿಟ್ಟುಗಳ ಮಿತಿಯೊಳಗೆ, 2022-23ರ ಸರಾಸರಿ ಬಳಕೆಗೆ ಶೇ. 10ರಷ್ಟನ್ನು ಕೂಡಿಸಿ ಪ್ರತಿ ಮನೆಯ ಉಚಿತ ಪ್ರಮಾಣವನ್ನು ನಿಗದಿಪಡಿಸಿತು. ಬಡ ಕುಟುಂಬಗಳಿಗೆ ಇದರಿಂದ ದೊರೆತ ನೆಮ್ಮದಿಯನ್ನು ಅಲ್ಲಗಳೆಯಲಾಗದು. ಬಾಡಿಗೆದಾರರನ್ನು ಒಳಗೊಂಡದ್ದೂ ನ್ಯಾಯವೇ. ಆದರೆ ಸೂತ್ರದೊಳಗೊಂದು ವೈಪರೀತ್ಯವಿದೆ. ಎರಡು ಕಿಲೋವ್ಯಾಟಿನ ಗೀಸರು ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್ಟಾಗುತ್ತದೆ. ಉಳಿದೆಲ್ಲ ಬಳಕೆ ಸಮವಾಗಿರುವ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಬಹುದು. ಮೊದಲೇ ಸೋಲಾರ್ ಹಾಕಿಸಿದ ಮನೆಯ ಸರಾಸರಿ 110 ಆಗಿದ್ದರೆ ಅದಕ್ಕೆ 121 ಯೂನಿಟ್ಟು ಉಚಿತ. ಗೀಸರಿನ ಮನೆಯ ಸರಾಸರಿ 140, ಅದಕ್ಕೆ 154. ಮಿತವ್ಯಯಿಗೆ ಕಡಿಮೆ, ಧಾರಾಳಿಗೆ ಹೆಚ್ಚು! ಎರಡನೆಯ ಮನೆಯವರು ಈಗ ಸೋಲಾರ್‌ಗೆ ಬದಲಾದರೂ ಉಳಿಸಿದ ಯೂನಿಟ್ಟುಗಳಿಗೆ ಪ್ರತಿಫಲವಿಲ್ಲ, ಬಿಲ್ಲು ಆಗಲೇ ಶೂನ್ಯ. 2024ರ ಜನವರಿಯಲ್ಲಿ, 48 ಯೂನಿಟ್ಟಿಗಿಂತ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ಟು ಕೊಡಲು ಸರ್ಕಾರ ತೀರ್ಮಾನಿಸಿದ್ದು ಅತಿ ಕಡಿಮೆ ಬಳಕೆಯವರ ಮಟ್ಟಿಗಿನ ತಿದ್ದುಪಡಿ ಮಾತ್ರ.

ಯೋಜನೆಯ ಮನೋವೈಜ್ಞಾನಿಕ ಬಲವಿರುವುದು 200ರ ಗೆರೆಯಲ್ಲಿ. ಅದನ್ನು ದಾಟಿದರೆ ಪೂರ್ತಿ ಬಿಲ್ಲು ತೆರಬೇಕು. ಲಾಭದ ಆಸೆಗಿಂತ ಅಷ್ಟೇ ಮೊತ್ತದ ನಷ್ಟದ ಭಯ ತೀವ್ರವೆಂದು ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ಪ್ರತಿಪಾದಿಸಿದ್ದರು. ಗೆರೆಯ ಸಮೀಪದವರಲ್ಲಿ ಈ ಭಯವೇ ಮಿತವ್ಯಯವನ್ನು ಪ್ರೇರೇಪಿಸೀತು. 120-130 ಯೂನಿಟ್ಟಿನ ಮನೆಗಳಿಗೆ ಅದು ತಟ್ಟುವಂತಿಲ್ಲ.

ತಾರಸಿಯ ಹಕ್ಕು ಬೇರೆಯೇ ಪ್ರಶ್ನೆ. ಆರ್.ಟಿ. ನಗರ, ಹೆಬ್ಬಾಳಗಳ ಬಹುಮಹಡಿ ಬಾಡಿಗೆ ಮನೆಗಳಲ್ಲಿ ಸೋಲಾರಿನ ಖರ್ಚು ಮಾಲೀಕರದು, ಉಳಿತಾಯ ಬಾಡಿಗೆದಾರರದು. ಭೋಗ್ಯಕ್ಕೆ ಬಂದವರು ತಾವಾಗಿ ಹಣ ಹೂಡಲೊಲ್ಲರು. 2024ರ ಪಿಎಂ ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ನೀಡಿದರೂ ಅದು ಸ್ವಂತ ತಾರಸಿಯುಳ್ಳವರಿಗೆ, ಅದರಲ್ಲೂ ಶೂನ್ಯ ಬಿಲ್ಲಿನ ಆಚೆಗಿರುವವರಿಗೆ ಮಾತ್ರ ಆಕರ್ಷಕ.