ಮಗ್ಗವಿಲ್ಲದ ಅಂಚು

ಮಾವೊರಿ ಉಡುಪೆಂದರೆ ಎಲ್ಲರೂ ಬಾಯಿಬಿಟ್ಟು ನೋಡುವುದು ಕಿವಿ ಹಕ್ಕಿಯ ಗರಿ ಪೋಣಿಸಿದ ಹೊದಿಕೆಯನ್ನು. ನಾನು ಮನಸೋತಿದ್ದು ಗರಿಯಿಲ್ಲದ ‘ಕೈತಕ’ಕ್ಕೆ. ಒಡಲು ಖಾಲಿ, ಅಂಚು ಭರ್ತಿ; ಅಂಥ ಸೀರೆ ಮೆಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಚ್ಚನೆಯ ದ್ವೀಪಗಳಿಂದ ನ್ಯೂಜಿಲೆಂಡಿಗೆ ಬಂದ ಮಾವೊರಿಗಳ ಪೂರ್ವಿಕರು ಒಂದು ಗಿಡದ ತೊಗಟೆ ಬಡಿದು ಬಟ್ಟೆ ಮಾಡುತ್ತಿದ್ದವರು. ಆ ಗಿಡ ಹೊಸ ನೆಲದ ಚಳಿಗೆ ಸೊರಗಿತು. ಕೈಹಿಡಿದದ್ದು ಹರಕೆಕೆ (ಹರಕೆಯಲ್ಲ!), ನಮ್ಮ ಕತ್ತಾಳೆಯ ಹಾಗೆ ಉದ್ದೆಲೆಯ ನಾರಿನ ಗಿಡ. ನಡುವಿನ ಸುಳಿ ಮಗು, ಅಕ್ಕಪಕ್ಕದವು ತಂದೆತಾಯಿ; ಆ ಮೂರನ್ನು ಕೊಯ್ಯುವಂತಿಲ್ಲ. ಹೊರಗಿನ ಎಲೆಯನ್ನು ಚಿಪ್ಪಿನಲ್ಲಿ ಹೆರೆದು ನಾರು ಬಿಡಿಸಿ, ದೇವರ ಬತ್ತಿಯಂತೆ ಬರಿಗಾಲ ಮೇಲೆ ಹೊಸೆದು, ಕಲ್ಲಿನಲ್ಲಿ ಬಡಿದರೆ ರೇಷ್ಮೆಯ ಹೊಳಪು. ಮಗ್ಗವಿಲ್ಲ, ಲಾಳಿಯಿಲ್ಲ. ಎರಡು ಗೂಟ, ಹತ್ತು ಬೆರಳು. ಇಳಿಬಿದ್ದ ಹಾಸಿನ ಎಳೆಗಳನ್ನು ಹೊಕ್ಕಿನ ಜೋಡಿ ಎಳೆ ಒಂದೊಂದಾಗಿ ಸುತ್ತಿಕೊಂಡು ಸಾಗಬೇಕು. ತಿಂಗಳುಗಟ್ಟಲೆ ಕೆಲಸ.

ಮಳೆಗೆ ಮಲೆನಾಡಿನ ಗೊರಬಿನಂಥ ಒರಟು ಹೊದಿಕೆಯೂ ಇತ್ತು. ಕೈತಕ ಮಾತ್ರ ರಂಗತಿರರದು, ಅಂದರೆ ಕುಲದ ಮುಖಂಡರದು. ಅವರ ಮುಖದ ‘ಮೊಕೊ’ವನ್ನು ಹಚ್ಚೆ ಎನ್ನಲು ನನಗೆ ಮನಸ್ಸಿಲ್ಲ. ಹಚ್ಚೆ ಚುಚ್ಚುವಂಥದ್ದು, ಇದು ಮೂಳೆಯ ಉಳಿಯಿಂದ ಚರ್ಮಕ್ಕೆ ಗೀರು ಕೊರೆಯುವಂಥದ್ದು. ಬಾಯಿ ಊದಿಕೊಂಡವನಿಗೆ ಕೆತ್ತನೆಯ ಮರದ ಆಲಿಕೆಯಲ್ಲಿ ಆಹಾರ ಹೊಯ್ಯುತ್ತಿದ್ದರು. ಆ ಗೆರೆಗಳಲ್ಲಿ ವಂಶವಿತ್ತು, ಅಂತಸ್ತಿತ್ತು. 1826ರಲ್ಲಿ ಲಿವರ್‌ಪೂಲ್‌ನಲ್ಲಿದ್ದ ತೆ ಪೆಹಿ ಕುಪೆ ಎಂಬ ಮುಖಂಡ ತನ್ನ ಮುಖದ ಗೆರೆಗಳನ್ನು ಕನ್ನಡಿ ನೋಡದೆ ಕಾಗದಕ್ಕೆ ಇಳಿಸಿಕೊಟ್ಟ. ಮುಂದೆ ಜಮೀನಿನ ಕಾಗದಪತ್ರಗಳಲ್ಲಿ ಮುಖಂಡರು ರುಜುವಾಗಿ ಮೊಕೊ ಬರೆದದ್ದೂ ಉಂಟು. ಹೆಂಗಸರಿಗೆ ಅದು ತುಟಿ, ಗದ್ದದ ಮೇಲೆ. 2020ರಲ್ಲಿ ನ್ಯೂಜಿಲೆಂಡಿನ ವಿದೇಶಾಂಗ ಸಚಿವೆಯಾದ ನನಾಯಾ ಮಹುತಾ ಅವರ ಗದ್ದ ನೋಡಿ.

ಮುಖದ ಕಪ್ಪು ಮಸಿಯದು, ಕೈತಕದ ಅಂಚಿನ ಕಪ್ಪು ಕೆಸರಿನದು. ‘ತಾನಿಕೊ’ ಎಂಬ ಆ ಅಂಚಿನ ಕೋನ, ಮೆಟ್ಟಿಲು, ವಜ್ರಗಳಿಗೆ ಬೇಕಾದ ಎಳೆಯನ್ನು ತೊಗಟೆಯ ಒಗರು ರಸದಲ್ಲಿ ಅದ್ದಿ, ಕಬ್ಬಿಣದಂಶದ ಕೆಸರಿನಲ್ಲಿ ಹೂಳುತ್ತಾರೆ. ಅಳಲೆಕಾಯಿ ಮಸಿ ಮಾಡುತ್ತಿದ್ದ ನಮ್ಮ ಅಜ್ಜಂದಿರಿಗೆ ಈ ಗುಟ್ಟು ಗೊತ್ತಿತ್ತು. ಆದರೆ ಬಣ್ಣ ಕೊಟ್ಟ ಕಬ್ಬಿಣವೇ ಕಾಲಾಂತರದಲ್ಲಿ ನಾರನ್ನು ತಿನ್ನುತ್ತದೆ. ಸಂಗ್ರಹಾಲಯಗಳ ಹಳೆಯ ಹೊದಿಕೆಗಳಲ್ಲಿ ಬಣ್ಣ ಹಾಕದ ಒಡಲು ಇನ್ನೂ ಗಟ್ಟಿ, ಅಂಚಿನ ಕಂದೂ ಗಟ್ಟಿ. ಕಪ್ಪು ಮಾತ್ರ ಪುಡಿಪುಡಿಯಾಗಿ ಉದುರುತ್ತಿದೆ.