ಡಗೌಟಿನತ್ತ ಒಂದು ಕಣ್ಣು: ಕಾಲೇಜು ಬೇಸ್‌ಬಾಲ್ ರಸಿಕರಿಗೊಂದು ಕೈಪಿಡಿ

ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲ್ ಮೊದಮೊದಲು ಬೇಸರ ತರಿಸಬಹುದು. ಪಿಚರ್ ಎಸೆಯುತ್ತಾನೆ, ಬ್ಯಾಟರ್ ಬೀಸುತ್ತಾನೆ, ಚೆಂಡು ಸಿಗುವುದಿಲ್ಲ, ಮತ್ತೆ ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ಹಾಗೆ ಸುಮ್ಮನೆ ನಿಂತ ಹೊತ್ತಿನಲ್ಲೇ ಡಗೌಟಿನತ್ತ ನೋಡಬೇಕು. ಅಮೆರಿಕದ ಕಾಲೇಜು ತಂಡಗಳಲ್ಲಿ ಮುಂದಿನ ಎಸೆತ ಯಾವುದಿರಬೇಕೆಂದು ಸಾಮಾನ್ಯವಾಗಿ ಸನ್ನೆ ಹೋಗುವುದು ಅಲ್ಲಿಂದಲೇ. ಬ್ಯಾಟರ್ ಚೆಂಡನ್ನು ಮೆಲ್ಲಗೆ ತಟ್ಟಿ ಬಂಟ್ ಮಾಡಬೇಕೋ, ಓಟಗಾರ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಅದನ್ನು ಕದಿಯಬೇಕೋ, ಪಿಚರ್ ಬದಲಾಗಬೇಕೋ ಎಂಬುದೆಲ್ಲ ಕೋಚ್‌ನ ತೀರ್ಮಾನ. ಕ್ರಿಕೆಟ್‌ನಲ್ಲಿ ನಾಯಕ ಅಂಗಳದೊಳಗೇ ನಿಂತು ಮಾಡುವ ಕೆಲಸವನ್ನು ಇಲ್ಲಿ ಆಟಗಾರರಂತೆಯೇ ಸಮವಸ್ತ್ರ ತೊಟ್ಟ ಹಿರಿಯರೊಬ್ಬರು ಅಂಚಿನಿಂದ ಮಾಡುತ್ತಾರೆ.

ಈ ಕಸುಬು ಅರ್ಥವಾಗಬೇಕಾದರೆ ಸ್ಕಿಪ್ ಬರ್ಟ್‌ಮನ್ ಅವರಿಂದ ಶುರುಮಾಡುವುದು ಒಳ್ಳೆಯದು. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ ತಂಡಕ್ಕೆ 1984ರಿಂದ 2001ರವರೆಗೆ ಕೋಚ್ ಆಗಿದ್ದ ಅವರು 870 ಪಂದ್ಯ ಗೆದ್ದು 330 ಸೋತರು. 1991, 1993, 1996, 1997 ಮತ್ತು 2000ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದರು. ಈ ಅಂಕಿಗಳು ಅವರ ದೊಡ್ಡಸ್ತಿಕೆ ಹೇಳುತ್ತವೆ, ಕೈಚಳಕ ಹೇಳುವುದಿಲ್ಲ. ಅದಕ್ಕೆ ಬಿಡಿ ಬಿಡಿ ಆಟಗಳನ್ನೇ ನೋಡಬೇಕು.

ಮೊದಲು ಗಮನಿಸಬೇಕಾದದ್ದು ತಾಲೀಮು

1982ರಲ್ಲಿ ಬರ್ಟ್‌ಮನ್ ಇನ್ನೂ ಮಯಾಮಿ ತಂಡದಲ್ಲಿ ರಾನ್ ಫ್ರೇಸರ್ ಅವರ ಸಹಾಯಕ ಕೋಚ್. ನೆಬ್ರಾಸ್ಕಾದ ಓಮಾಹಾದಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್ ನಡೆಯುತ್ತಿತ್ತು. ಎದುರಾಳಿ ವಿಚಿಟಾ ಸ್ಟೇಟ್ ತಂಡದ ಫಿಲ್ ಸ್ಟೀಫನ್‌ಸನ್ ಆ ಒಂದೇ ಸೀಸನ್‌ನಲ್ಲಿ 80ಕ್ಕೂ ಹೆಚ್ಚು ಬೇಸ್ ಕದ್ದಿದ್ದ ಚಾಲಾಕಿ. ಅವನು ಮೊದಲ ಬೇಸ್‌ನಲ್ಲಿದ್ದಾಗ ಪಿಚರ್ ಮೈಕ್ ಕಾಸ್ಪ್‌ರ್ಜಾಕ್ ಅತ್ತ ಚೆಂಡು ಎಸೆದಂತೆ ನಟಿಸಿದ. ಮೊದಲ ಬೇಸ್ ಕಾಯುತ್ತಿದ್ದವನು ಚೆಂಡು ಕೈತಪ್ಪಿತೆಂಬಂತೆ ನೆಲಕ್ಕೆ ಹಾರಿದ. ಉಳಿದವರು ಬೇಲಿಯತ್ತ ಓಡಿದರು, ಕೈ ತೋರಿಸಿದರು, ಕೂಗಿದರು. ಸ್ಟೀಫನ್‌ಸನ್ ನಂಬಿ ಎರಡನೇ ಬೇಸ್‌ಗೆ ಓಡಿದ. ಚೆಂಡು ಪಿಚರ್ ಕೈಯಲ್ಲೇ ಇತ್ತು. ಓಟಗಾರ ಔಟ್, ಪಂದ್ಯ 4-3ರಿಂದ ಮಯಾಮಿ ಪಾಲು, ಕೊನೆಗೆ ಪ್ರಶಸ್ತಿಯೂ ಅವರದೇ.

‘ಗ್ರ್ಯಾಂಡ್ ಇಲ್ಯೂಷನ್’ ಎಂದೇ ಹೆಸರಾದ ಈ ಆಟವನ್ನು ತಂಡಕ್ಕೆ ತಂದವರು ಬರ್ಟ್‌ಮನ್. ಎಸೆದವನಿಗಿಂತ ಸುತ್ತಲಿನವರ ನಟನೆ ಇಲ್ಲಿ ಹೆಚ್ಚು ಮುಖ್ಯ. ಅಷ್ಟು ಮಂದಿಯಲ್ಲಿ ಒಬ್ಬನ ಕಣ್ಣು ಪಿಚರ್ ಕಡೆ ಹೊರಳಿದ್ದರೂ ಗುಟ್ಟು ರಟ್ಟಾಗುತ್ತಿತ್ತು.

ಎರಡನೆಯದು, ಯಾರನ್ನು ಎಲ್ಲಿ ನಿಲ್ಲಿಸುತ್ತಾರೆ

1996ರ ಫೈನಲ್‌ನಲ್ಲಿ ಬರ್ಟ್‌ಮನ್ ಎದುರಿಗಿದ್ದದ್ದು ಅವರ ಹಳೆಯ ಮಯಾಮಿಯೇ. ಒಂಬತ್ತನೇ ಇನ್ನಿಂಗ್ಸ್, ಇಬ್ಬರು ಔಟ್, ಲೂಸಿಯಾನಾ 7-8ರಿಂದ ಹಿಂದೆ. ಬ್ಯಾಟಿಂಗ್ ಸರದಿ ವಾರೆನ್ ಮಾರಿಸ್‌ನದು. ಕೈಯ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿ ಸೀಸನ್‌ನ ಬಹುಭಾಗ ಹೊರಗಿದ್ದ ಹುಡುಗ. ಆ ವರ್ಷ ಒಂದೂ ಹೋಂ ರನ್ ಹೊಡೆದಿರಲಿಲ್ಲ. ಕೋಚ್ ಅವನನ್ನು ಸರದಿಯ ಒಂಬತ್ತನೇ ಜಾಗದಲ್ಲಿ ಇಟ್ಟುಕೊಂಡಿದ್ದರು. ಮೊದಲ ಎಸೆತವೇ ಬಲಬದಿಯ ಗೋಡೆ ದಾಟಿತು. 9-8, ಪ್ರಶಸ್ತಿ. ಹೊಡೆತದ ವಿಡಿಯೋ ನೋಡಿ ಚಪ್ಪಾಳೆ ತಟ್ಟುವುದು ಸುಲಭ. ಗಾಯದಿಂದ ಎದ್ದು ಬಂದವನನ್ನು ಫೈನಲ್‌ನಲ್ಲೂ ಆಡಿಸಿದ ತೀರ್ಮಾನ ಕಣ್ಣಿಗೆ ಬೀಳಬೇಕಾದರೆ ಆಟಗಾರರ ಪಟ್ಟಿಯನ್ನು ಮೊದಲೇ ಓದಿರಬೇಕು.

ಪಟ್ಟಿ ಓದುವಾಗ ಒಂದು ನಿಯಮ ನೆನಪಿರಲಿ. ನಾಲ್ಕು ವರ್ಷದ ಕಾಲೇಜು ಸೇರಿದವನನ್ನು ಮೂರು ವರ್ಷ ಕಳೆಯುವವರೆಗೆ ಅಥವಾ 21 ತುಂಬುವವರೆಗೆ ವೃತ್ತಿಪರ ಕ್ಲಬ್‌ಗಳು ಆರಿಸಿಕೊಳ್ಳುವಂತಿಲ್ಲ. ಅದಾದ ಕೂಡಲೇ ಒಳ್ಳೆಯವರು ಹೊರಡುತ್ತಾರೆ. ಅದರ ಮೇಲೆ, ಇಡೀ ತಂಡಕ್ಕೆ ಹಂಚಲು ಬಹುಕಾಲ ಇದ್ದದ್ದು ಬರೀ 11.7 ವಿದ್ಯಾರ್ಥಿವೇತನ; ಒಂದನ್ನೇ ಮೂರ್ನಾಲ್ಕು ಹುಡುಗರಿಗೆ ಪಾಲು ಮಾಡಬೇಕಿತ್ತು. ಹತ್ತು ವರ್ಷದಲ್ಲಿ ಐದು ಪ್ರಶಸ್ತಿ ಎಂದರೆ ಮತ್ತೆ ಮತ್ತೆ ಹೊಸ ತಂಡ ಕಟ್ಟಿ ಗೆದ್ದದ್ದು.

ಮೂರನೆಯದು, ಸಲಕರಣೆಗೆ ತಕ್ಕ ಶೈಲಿ

ಕಾಲೇಜು ಆಟದಲ್ಲಿ 1974ರಿಂದ ಅಲ್ಯೂಮಿನಿಯಂ ಬ್ಯಾಟಿಗೆ ಅವಕಾಶವಿದೆ. ತೊಂಬತ್ತರ ದಶಕದ ಹೊತ್ತಿಗೆ ಅವು ಹಗುರವಾಗಿ, ಚೆಂಡು ಚಿಮ್ಮುವಂತಾದವು. ಬರ್ಟ್‌ಮನ್ ದೊಡ್ಡ ಹೊಡೆತದವರನ್ನೇ ಒಟ್ಟುಮಾಡಿದರು. 1997ರಲ್ಲಿ ಅವರ ತಂಡ 70 ಪಂದ್ಯಗಳಲ್ಲಿ 188 ಹೋಂ ರನ್ ಸಿಡಿಸಿತು. ಆ ಅಬ್ಬರಕ್ಕೆ ‘ಗೊರಿಲ್ಲಾ ಬಾಲ್’ ಎಂಬ ಹೆಸರು ಬಿತ್ತು. 1998ರ ಫೈನಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಅರಿಜೋನಾ ಸ್ಟೇಟ್ ತಂಡವನ್ನು 21-14ರಿಂದ ಸೋಲಿಸಿದ ಮೇಲೆ ಆಡಳಿತದವರು ಬ್ಯಾಟಿಗೆ ಕಡಿವಾಣ ಹಾಕಿದರು: 34 ಇಂಚಿನ ಬ್ಯಾಟು 31 ಔನ್ಸ್‌ಗಿಂತ ಹಗುರ ಇರುವಂತಿಲ್ಲ. ಹೊಸ ನಿಯಮದಡಿ, 2000ರ ಫೈನಲ್‌ನಲ್ಲಿ ಬರ್ಟ್‌ಮನ್ ತಂಡ ಸ್ಟ್ಯಾನ್‌ಫರ್ಡ್ ಎದುರು 2-5ರ ಹಿನ್ನಡೆಯಿಂದ ಎದ್ದು 6-5ಕ್ಕೆ ಗೆದ್ದಿತು. ಈ ಸಲ ಕೊನೆಯ ರನ್ ತಂದದ್ದು ಹೋಂ ರನ್ ಅಲ್ಲ, ಬ್ರಾಡ್ ಕ್ರೆಸಿಯ ಒಂದು ಸಿಂಗಲ್.

ಪಕ್ಕಕ್ಕೆ ಇನ್ನೊಬ್ಬರನ್ನು ಇಟ್ಟು ನೋಡಿ

ಆಗಿ ಗರೀಡೊ ಅವರದು ಬೇರೆಯೇ ದಾರಿ. ಕ್ಯಾಲ್ ಸ್ಟೇಟ್ ಫುಲರ್ಟನ್‌ಗೆ ಮೂರು, ಟೆಕ್ಸಸ್‌ಗೆ ಎರಡು ಪ್ರಶಸ್ತಿ ಗೆದ್ದುಕೊಟ್ಟ ಅವರು ಬಂಟ್ ಪ್ರಿಯರು: ಒಂದು ಔಟ್ ಕೊಟ್ಟು ಒಂದು ಬೇಸ್ ಪಡೆ, ಒಂದೊಂದೇ ರನ್ ಕೂಡಿಸು. 2009ರಲ್ಲಿ ಅವರ ಟೆಕ್ಸಸ್ ತಂಡ ಬೋಸ್ಟನ್ ಕಾಲೇಜ್ ವಿರುದ್ಧ 25 ಇನ್ನಿಂಗ್ಸ್ ಆಡಿ 3-2ರಿಂದ ಗೆದ್ದಿತು. ನಡುವೆ ಬಂದ ಪಿಚರ್ ಆಸ್ಟಿನ್ ವುಡ್ 13 ಇನ್ನಿಂಗ್ಸ್‌ಗಳಲ್ಲಿ 169 ಎಸೆತ ಎಸೆದ. ಮೆಚ್ಚಿದವರಷ್ಟೇ, ಹುಡುಗನ ತೋಳಿನ ಗತಿಯೇನು ಎಂದು ಕೇಳಿದವರೂ ಇದ್ದರು. ಎರಡೂ ಮಾತನ್ನು ಕೇಳಿಸಿಕೊಂಡೇ ಆ ಪಂದ್ಯವನ್ನು ಸವಿಯಬೇಕು.

ಎಲ್ಲಿಂದ ಶುರುಮಾಡುವುದು?

ಸೀಸನ್ ಫೆಬ್ರವರಿಯಲ್ಲಿ ಆರಂಭ. ಜೂನ್‌ನಲ್ಲಿ ಎಂಟು ತಂಡ ಓಮಾಹಾಕ್ಕೆ ಬರುತ್ತವೆ. ಅಲ್ಲಿ ಆರಂಭದ ಹಂತದಲ್ಲಿ ಎರಡು ಸೋತವರು ಮನೆಗೆ. ಹೊಸಬರಿಗೆ ಅದಕ್ಕೂ ಮುಂಚಿನ ವಾರಾಂತ್ಯದ ಸರಣಿಗಳೇ ಒಳ್ಳೆಯ ಪಾಠಶಾಲೆ. ಶುಕ್ರವಾರ ಸಾಮಾನ್ಯವಾಗಿ ತಂಡದ ಅತ್ಯುತ್ತಮ ಪಿಚರ್ ಇಳಿಯುವುದರಿಂದ ಕೋಚ್‌ಗೆ ತಲೆನೋವು ಕಡಿಮೆ. ಭಾನುವಾರದ ಮೂರನೇ ಪಂದ್ಯ ಆರಿಸಿಕೊಳ್ಳಿ. ತೋಳುಗಳು ದಣಿದಿರುತ್ತವೆ, ಒಮ್ಮೆ ಆಟದಿಂದ ಹೊರಗೆ ಕರೆದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಐದನೇ ಇನ್ನಿಂಗ್ಸ್ ಹೊತ್ತಿಗೆ ಬದಲಿ ಪಿಚರ್‌ಗಳ ಜಾಗವಾದ ಬುಲ್‌ಪೆನ್‌ನಲ್ಲಿ ಯಾರು ತೋಳು ಬಿಸಿಮಾಡಿಕೊಳ್ಳುತ್ತಿದ್ದಾರೆ, ಮುಂದೆ ಬರುವ ಬ್ಯಾಟರ್ ಎಡಗೈಯವನೋ ಬಲಗೈಯವನೋ ನೋಡಿಟ್ಟುಕೊಂಡು, ಕೋಚ್ ಎದ್ದು ಬರುವ ಮೊದಲೇ ಯಾರನ್ನು ಕರೆಯುತ್ತಾರೆಂದು ನೀವೇ ಊಹಿಸಿ.